ಅಪ್ಪಾಜಿಗೆ ಲಕ್ವಾ ಆಗಿದೆ: ಮನೆಯಲ್ಲೇ ಪ್ಯಾರಲಲ್ ಬಾರ್ ಹಾಕಿಸುವುದು ಸರಿಯಾ?

ನವನಗರದ ಮಗಳು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿಗೆ ಲಕ್ವಾ ಹೊಡೆದು ಎರಡನೇ ತಿಂಗಳು ನಡೆದಿದೆ. ಬಲಗಡೆಯ ಕೈ ಕಾಲು ಎರಡೂ ಹೋಗಿದ್ದವು. ಕಾಲಿಗೆ ಈಗ ಸ್ವಲ್ಪ ಬಲ ಬಂದಿದೆ, ಕೈ ಇನ್ನೂ ಏಳುತ್ತಿಲ್ಲ. ಮಾತು ತೊದಲುತ್ತದೆ, ಆದರೆ ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ. ವಾರಕ್ಕೆ ಮೂರು ದಿನ ಆಟೋದಲ್ಲಿ ಫಿಜಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಪ್ಯಾರಲಲ್ ಬಾರ್, ಅಂದರೆ ಎರಡೂ ಕಡೆ ಹಿಡಿದು ನಡೆಯುವ ಜೋಡಿ ಪೈಪಿನ ಒಳಗೆ ನಿಲ್ಲಿಸಿ ನಡೆಸುತ್ತಾರೆ. ಬಾರ್ ಇದ್ದರೆ ಅಪ್ಪಾಜಿ ಧೈರ್ಯವಾಗಿ ಆಚೆ ಈಚೆ ಹೋಗುತ್ತಾರೆ. ಮನೆಗೆ ಬಂದರೆ ಮಂಚ ಬಿಟ್ಟು ಇಳಿಯಲು ಒಲ್ಲೆ ಅನ್ನುತ್ತಾರೆ. ಬೀಳುತ್ತೇನೆ ಅನ್ನುವ ಹೆದರಿಕೆ.

ಅಪ್ಪಾಜಿ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದವರು. ಕುಣಿ ಮಗ್ಗದಲ್ಲಿ ಕೂತು ದಿನವಿಡೀ ಕಾಲಿನಿಂದ ಹಲಗೆ ತುಳಿದವರು. ಅಂಥವರು ಈಗ ಪಾಯಖಾನೆಗೆ ಹೋಗಲೂ ಇನ್ನೊಬ್ಬರ ದಾರಿ ಕಾಯುತ್ತಾರೆ. ನೋಡೋಕೆ ಆಗಲ್ಲ.

ಅಣ್ಣ ಪಡಸಾಲೆಯಲ್ಲೇ ಬಾರ್ ಹಾಕಿಸೋಣ, ದಿನಾ ಎರಡು ಹೊತ್ತು ನಾವೇ ನಡೆಸೋಣ ಅನ್ನುತ್ತಾನೆ. ಅಳತೆ ಎಷ್ಟಿರಬೇಕು? ಮನೆಯವರೇ ನಡೆಸಿದರೆ ತೊಂದರೆ ಏನಾದರೂ ಇದೆಯಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉದ್ಯಮಬಾಗ ವೆಲ್ಡರ್, ಬೆಳಗಾವಿ

ನಮಸ್ಕಾರ ಅಕ್ಕಾ. ನಾನು ಫ್ಯಾಬ್ರಿಕೇಶನ್ ಕೆಲಸದವನು, ಕ್ಲಿನಿಕ್‌ಗಳಿಗೆ ಬಾರ್ ಮಾಡಿ ಕೊಟ್ಟಿದ್ದೇನೆ. ಅಳತೆ ಮತ್ತು ಗಟ್ಟಿತನದ ಬಗ್ಗೆ ಮಾತ್ರ ಹೇಳುತ್ತೇನೆ. ನಡೆಸುವ ವಿಷಯ ತಿಳಿದವರು ಹೇಳಲಿ.

ಕ್ಲಿನಿಕ್‌ನಲ್ಲಿ ಇರುವುದು ಸಾಮಾನ್ಯವಾಗಿ 10 ಅಡಿ ಉದ್ದ. ಮನೆಗೆ ಅಷ್ಟು ಬೇಡ. ಎರಡೂ ತುದಿಗೆ ಒಂದೊಂದು ಕುರ್ಚಿ ಇಡಬೇಕು, ಕುರ್ಚಿ ಸುತ್ತ ಒಬ್ಬರು ಓಡಾಡಲು ಜಾಗ ಬೇಕು. 10 ಅಡಿ ಬಾರ್ ಇಟ್ಟರೆ ಪಡಸಾಲೆ 16 ಅಡಿಯಾದರೂ ಇರಬೇಕಾಗುತ್ತದೆ. 7 ಅಥವಾ 8 ಅಡಿ ಸಾಕು.

ಹಿಡಿಯುವ ಪೈಪು ಹೊರಗಿನ ಅಳತೆಯಲ್ಲಿ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಇದ್ದರೆ ಕೈಗೆ ಚೆನ್ನಾಗಿ ಕೂರುತ್ತದೆ. ಮೆಟ್ಟಿಲಿನ ರೇಲಿಂಗಿಗೆ ಹಾಕುವ ಸ್ಟೀಲ್ ಪೈಪು ಇದೇ ಅಳತೆಯಲ್ಲಿ ಸಿಗುತ್ತದೆ. ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ತರುವವರು ಹುಷಾರು. ಅಂಗಡಿಯವರು ಜಿಐ ಪೈಪಿನ ಅಳತೆ ಹೇಳುವುದು ಒಳಗಿನ ತೂತಿನ ಲೆಕ್ಕದಲ್ಲಿ. ಒಂದೂವರೆ ಇಂಚು ಕೊಡಿ ಅಂದರೆ ಹೊರಗಿನಿಂದ 48 ಮಿ.ಮೀ. ಬರುತ್ತದೆ. ಅಷ್ಟು ದಪ್ಪ ಆದರೆ ವಯಸ್ಸಾದವರ ಬೆರಳು ಸುತ್ತ ಬರುವುದಿಲ್ಲ.

ಇನ್ನು ನೆಲ. ನಮ್ಮ ಕಡೆ ಮನೆಗಳಲ್ಲಿ ಫರಸಿ ಜಾಸ್ತಿ. ಬರೀ ಫರಸಿಗೆ ತೂತು ಹೊಡೆದು ಬೋಲ್ಟ್ ಹಾಕಿದರೆ ನಿಲ್ಲುವುದಿಲ್ಲ. ಕಲ್ಲು ಸೀಳುತ್ತದೆ, ಇಲ್ಲಾಂದ್ರೆ ತಿಂಗಳಲ್ಲೇ ಅಲುಗಾಡಲು ಶುರು ಆಗುತ್ತದೆ. ಬೋಲ್ಟ್ ಕೆಳಗಿನ ಕಾಂಕ್ರೀಟ್ ಹಿಡಿಯಬೇಕು. ಕೆಳಗೆ ಕಾಂಕ್ರೀಟ್ ಇಲ್ಲದಿದ್ದರೆ ದಪ್ಪ ಪ್ಲೈವುಡ್ ಮೇಲೆ ಅಥವಾ ಕಬ್ಬಿಣದ ಚೌಕಟ್ಟಿನ ಮೇಲೆ ಕಂಬ ಕೂರಿಸಿ. ಆದರೆ ನಡೆಯುವ ದಾರಿಯಲ್ಲಿ ಅಡ್ಡಪಟ್ಟಿ ಬರಕೂಡದು, ಸೋತ ಕಾಲು ಮೊದಲು ತಾಗುವುದೇ ಅದಕ್ಕೆ. ಬೆಸುಗೆ ಹಾಕಿದ ಜಾಗವನ್ನು ಪೂರ್ತಿ ಗ್ರೈಂಡ್ ಮಾಡಿಸಿ, ಅಂಗೈಯಿಂದ ಸವರಿ ನೋಡಿ. ಪೈಪಿನ ತುದಿಗೆ ಕ್ಯಾಪ್ ಹಾಕಿಸಿ.

ಎತ್ತರ ಏರಿಳಿಸುವ ಹಾಗೆ ಮಾಡಿಸಿದರೆ ಖರ್ಚು ಹೆಚ್ಚು. ಒಬ್ಬರೇ ಬಳಸುವುದಾದರೆ ಸರಿಯಾಗಿ ಅಳೆದು ಒಂದೇ ಎತ್ತರಕ್ಕೆ ಮಾಡಿಸಬಹುದು.

ವಿಜಯಪುರ ಫಿಜಿಯೋ

ವೆಲ್ಡರ್ ಅಣ್ಣ ಹೇಳಿದ್ದು ಸರಿಯಾಗಿದೆ. ತಂಗಿ, ಉಳಿದದ್ದನ್ನು ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಎತ್ತರ ಅಳೆಯುವುದು ಹೀಗೆ. ಅಪ್ಪಾಜಿಯನ್ನು ನೇರ ನಿಲ್ಲಿಸಿ. ಕೈ ಪಕ್ಕಕ್ಕೆ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಅದೇ ಬಾರ್‌ನ ಎತ್ತರ. ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ತೊಡೆಮೂಳೆಯ ಉಬ್ಬೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಇರುತ್ತದೆ. ಆ ಎತ್ತರದಲ್ಲಿ ಹಿಡಿದರೆ ಮೊಣಕೈ 20ರಿಂದ 30 ಡಿಗ್ರಿ ಮಡಚಿರುತ್ತದೆ. ಆಗ ಕೆಳಗೆ ಒತ್ತಿ ಭಾರ ಹೊರಲು ಆಗುತ್ತದೆ. ಬಾರ್ ಎತ್ತರವಾದರೆ ಭುಜ ಕಿವಿಯ ಕಡೆ ಏರುತ್ತದೆ, ಮನುಷ್ಯ ಬಾರ್‌ಗೆ ಜೋತು ಬೀಳುತ್ತಾನೆ. ತಗ್ಗಾದರೆ ಬೆನ್ನು ಬಾಗುತ್ತದೆ. ಅಗಲ ಅಂದರೆ ಸೊಂಟದ ಎರಡೂ ಪಕ್ಕ ಎರಡೆರಡು ಇಂಚು ಬಿಡುವು ಇರಲಿ, ಸಾಕು. ಬಹಳ ಅಗಲ ಮಾಡಿದರೆ ಕೈ ಹೊರಗೆ ಚಾಚಿ ಹೋಗುತ್ತದೆ, ಬಲ ಸಿಗುವುದಿಲ್ಲ.

ಆದರೆ ಅಳತೆಗಿಂತ ಮುಖ್ಯವಾದ ವಿಷಯ ಬೇರೆ ಇದೆ. ಬಾರ್ ಇರುವುದು ಬಾರ್ ಬಿಟ್ಟು ಹೋಗುವುದಕ್ಕೆ. ಮೊದಮೊದಲು ಬಿಗಿಯಾಗಿ ಹಿಡಿಯುತ್ತಾರೆ. ಆಮೇಲೆ ಮುಷ್ಟಿ ಬಿಚ್ಚಿ ಅಂಗೈಯನ್ನು ಸುಮ್ನೆ ಮೇಲೆ ಇಡಬೇಕು. ಆಮೇಲೆ ಬೆರಳ ತುದಿ ಮಾತ್ರ. ಆಮೇಲೆ ಕೈ ಬಾರ್‌ನ ಮೇಲೆ ಗಾಳಿಯಲ್ಲಿ ಇರುತ್ತದೆ, ಬೇಕಾದರೆ ಹಿಡಿಯಬಹುದು ಅಷ್ಟೇ. ಅಲ್ಲಿಗೆ ಬಂದವರು ಕೋಲು ಹಿಡಿದು ಹೊರಗೆ ಬರಲು ತಯಾರಾದರು ಅಂತ. ದಿನವೂ ಗಟ್ಟಿಯಾಗಿ ಹಿಡಿದುಕೊಂಡೇ ಹತ್ತಾರು ಸುತ್ತು ಹೊಡೆದರೆ ಕೈಗೆ ವ್ಯಾಯಾಮ ಆಗುತ್ತದೆ. ಕಾಲು ಕಲಿಯುವುದಿಲ್ಲ. ಲಕ್ವಾ ಆದವರಲ್ಲಿ ಇದು ಇನ್ನೂ ಜಾಸ್ತಿ. ಎಲ್ಲಾ ಭಾರವನ್ನೂ ಒಳ್ಳೆಯ ಕಡೆಗೆ ಹಾಕಿ, ಸೋತ ಕಾಲನ್ನು ಎಳೆದುಕೊಂಡು ಹೋಗುವ ರೂಢಿ ಬೀಳುತ್ತದೆ. ಬಿದ್ದ ರೂಢಿ ಬಿಡಿಸಲು ಬಹಳ ಕಷ್ಟ.

ನಿಮ್ಮ ಅಪ್ಪಾಜಿಯ ಬಲಗೈಗೆ ಹಿಡಿತ ಇಲ್ಲ. ಅಂದರೆ ಎರಡು ಬಾರ್ ಇದ್ದರೂ ಅವರು ಹಿಡಿಯುವುದು ಎಡಗಡೆಯದನ್ನು ಮಾತ್ರ. ಹಾಗಾಗಿ ಮನೆಯಲ್ಲಿ ಎರಡು ಬಾರ್ ಹಾಕಿಸುವ ದುಡ್ಡಿನಲ್ಲಿ ಮಂಚದಿಂದ ಪಾಯಖಾನೆವರೆಗೆ ಗೋಡೆಗೆ ಒಂದು ಗಟ್ಟಿ ರೇಲಿಂಗ್ ಹಾಕಿಸಿ ಅನ್ನುತ್ತೇನೆ. ಬಾರ್ ಅಭ್ಯಾಸ ಕ್ಲಿನಿಕ್‌ನಲ್ಲೇ ನಡೆಯಲಿ. ನವನಗರದಲ್ಲಿ ಅದಕ್ಕೆ ಅನುಕೂಲ ಇದೆ.

ಬಸವನ ಬಾಗೇವಾಡಿ ಓದುಗ

ನಮ್ಮ ಊರ ಕಡೆ ಲಕ್ವಾಕ್ಕೆ ಪಾರಿವಾಳದ ರಕ್ತ ಹಚ್ಚಿ ತಿಕ್ಕುತ್ತಾರೆ. ಔಷಧಿಗಿಂತ ಅದೇ ಗುಣ ಅಂತ ಹಿರಿಯರು ಹೇಳುತ್ತಾರೆ. ವಿಚಾರ ಮಾಡಿ.

ವಿಜಯಪುರ ಫಿಜಿಯೋ

ದಯವಿಟ್ಟು ಬೇಡ. ಲಕ್ವಾ ಆಗುವುದು ಮಿದುಳಿನಲ್ಲಿ. ರಕ್ತನಾಳ ಕಟ್ಟಿಕೊಂಡಿರುತ್ತದೆ ಅಥವಾ ಒಡೆದಿರುತ್ತದೆ. ಚರ್ಮದ ಮೇಲೆ ಏನು ಹಚ್ಚಿದರೂ ಅಲ್ಲಿಗೆ ತಲುಪುವುದಿಲ್ಲ. ನನಗೆ ಹೆದರಿಕೆ ಇರುವುದು ಇನ್ನೊಂದು ವಿಷಯಕ್ಕೆ. ಇದನ್ನು ನಂಬಿಕೊಂಡು ಬಿಪಿ, ಶುಗರ್ ಗುಳಿಗೆ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಿ ಎರಡನೇ ಸಲ ಲಕ್ವಾ ಹೊಡೆದು ಬಂದವರನ್ನು ನೋಡಿದ್ದೇನೆ. ಗುಳಿಗೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಜಮಖಂಡಿ ರೈತ

ಡಾಕ್ಟರ್ರೇ, ನಿಮ್ಮ ಮಾತಿಗೆ ಎದುರು ಹೇಳುತ್ತೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಬಾರ್ ಇದ್ದರೆ ಲಾಭ ಇದೆ.

ನನಗೆ ಶುಗರ್‌ನಿಂದ ಪಾದದ ಹುಣ್ಣು ಕೊಳೆತು ಎಡಗಾಲು ಮೊಣಕಾಲಿನ ಕೆಳಗೆ ತೆಗೆದರು. ಕೃತಕ ಕಾಲು ಕೊಟ್ಟಾಗ ಮೊದಲು ನಿಲ್ಲಿಸಿದ್ದು ಬಾರ್ ಒಳಗೇ. ಎದುರಿಗೆ ಆಳೆತ್ತರದ ಕನ್ನಡಿ. ನೆಲದ ಮೇಲೆ ಎರಡು ತೂಕದ ಯಂತ್ರ ಇಟ್ಟು ಒಂದೊಂದರ ಮೇಲೆ ಒಂದೊಂದು ಕಾಲು ಇಡಿ ಅಂದರು. ನಾನು ಸಮ ನಿಂತಿದ್ದೇನೆ ಅಂತಲೇ ಅನ್ನಿಸುತ್ತಿತ್ತು. ಮುಳ್ಳು ನೋಡಿದರೆ ಮುಕ್ಕಾಲು ಭಾರ ಬಲಗಾಲಿನ ಮೇಲೆ! ಕಣ್ಣಿಂದ ಮುಳ್ಳು ನೋಡುತ್ತಾ ನೋಡುತ್ತಾ ಭಾರವನ್ನು ಸ್ವಲ್ಪ ಸ್ವಲ್ಪ ಆಚೆ ತಳ್ಳುವುದನ್ನು ಕಲಿಸಿದರು. ನಡಿಗೆ ಬಂದದ್ದು ಅದಾದ ಮೇಲೆ.

ಮನೆಗೆ ಬಂದಾಗ ದೊಡ್ಡಿಯಲ್ಲಿ ಕಂಬ ನೆಟ್ಟು ಎರಡು ಬಿದಿರಿನ ಗಳ ಕಟ್ಟಿಸಿದೆವು. ಬೆಳಿಗ್ಗೆ ಸಂಜೆ ಅದರಲ್ಲೇ. ವಾರಕ್ಕೆ ಒಂದು ಸಲ ಬಸ್ಸಿನಲ್ಲಿ ಹೋಗಿ ಕಲಿಯುವುದನ್ನು ನೆಚ್ಚಿದ್ದರೆ ನಾನು ಇನ್ನೂ ಕಟ್ಟೆ ಮೇಲೆ ಕೂತಿರುತ್ತಿದ್ದೆ. ಕಲಿಸುವವರು ಕಲಿಸುತ್ತಾರೆ, ತುಳಿಯುವುದು ನಾವೇ ತುಳಿಯಬೇಕು.

ಒಂದು ಮಾತು ಒಪ್ಪುತ್ತೇನೆ. ಬಾರ್ ಒಳಗೆ ಎಲ್ಲಾ ಚೆಂದ. ಹೊಲಕ್ಕೆ ಇಳಿದರೆ ಬೇರೆ. ಎರೆಮಣ್ಣು ಹಸಿ ಇದ್ದಾಗ ಪಾದಕ್ಕೆ ಮೆತ್ತಿ ಕಾಲು ಭಾರ ಆಗುತ್ತದೆ, ಕಬ್ಬಿನ ಬೋದಿನ ಮೇಲೆ ಪಾದ ವಾಲುತ್ತದೆ. ಅದನ್ನು ಬಾರ್ ಕಲಿಸಲಿಲ್ಲ.

ಗೋಕಾಕದ ಹುಡುಗ

ಗಾರ್ಡನ್‌ನಲ್ಲಿ ಓಪನ್ ಜಿಮ್ ಇದೆಯಲ್ಲ, ಅಲ್ಲಿ ಡಿಪ್ಸ್ ಹೊಡೆಯುವ ಡಬಲ್ ಬಾರ್ ಇರುತ್ತದೆ. ಅದರಲ್ಲೇ ನಡೆಸಿದರೆ ಆಗಲ್ವಾ? ಖರ್ಚು ಉಳಿಯುತ್ತದೆ. ಇನ್ನೊಂದು, ದೊಡ್ಡ ಆಸ್ಪತ್ರೆಗಳಲ್ಲಿ ಮೇಲಿನಿಂದ ಬೆಲ್ಟ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ವಿಡಿಯೋ ನೋಡಿದ್ದೇನೆ. ಅದು ಬಾರ್‌ಗಿಂತ ಒಳ್ಳೆಯದಲ್ವಾ?

ವಿಜಯಪುರ ಫಿಜಿಯೋ

ತಮ್ಮಾ, ಡಿಪ್ಸ್ ಬಾರ್ ಬೇಡ. ಅದು ಎದೆಮಟ್ಟ ಇರುತ್ತದೆ, ಉದ್ದವೂ ಸಾಲದು. ಕಾಲು ನೆಲ ಬಿಟ್ಟು ಕೈ ಮೇಲೆ ಏಳಲು ಮಾಡಿದ್ದು ಅದು. ಮೂಲದಲ್ಲಿ ಇದು ವ್ಯಾಯಾಮದ ಸಾಧನವೇ ಅನ್ನುವುದು ನಿಜ. ಜರ್ಮನಿಯ ಫ್ರೀಡ್ರಿಕ್ ಲುಡ್ವಿಗ್ ಯಾನ್ 1811ರಲ್ಲಿ ಬರ್ಲಿನ್‌ನಲ್ಲಿ ಬಯಲು ವ್ಯಾಯಾಮ ಶಾಲೆ ತೆರೆದರು. ಈ ಜೋಡಿ ಬಾರ್ ಜನಕ್ಕೆ ಹತ್ತಿರವಾದದ್ದು ಅವರ ಕಾಲದಲ್ಲಿ. ಒಲಿಂಪಿಕ್ಸ್‌ನಲ್ಲಿ ಈಗಲೂ ಗಂಡಸರ ಸ್ಪರ್ಧೆಯಲ್ಲಿ ಇದೆ. ನಮ್ಮದು ಅದೇ ಸಾಧನವನ್ನು ಸೊಂಟದ ಮಟ್ಟಕ್ಕೆ ಇಳಿಸಿ ನಡೆಯಲು ಬಳಸಿದ್ದು.

ಟ್ರೆಡ್‌ಮಿಲ್ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಅಮೆರಿಕದಲ್ಲಿ ಲಕ್ವಾ ಆದ 408 ಜನರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಬಂತು, ಲೀಪ್ಸ್ ಅಂತ ಹೆಸರು. ಕೆಲವರಿಗೆ ಬೆಲ್ಟ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಇನ್ನು ಕೆಲವರಿಗೆ ಫಿಜಿಯೋಥೆರಪಿಸ್ಟ್ ಮನೆಗೆ ಹೋಗಿ ಬಲ ಬರುವ ಮತ್ತು ಸಮತೋಲನ ಕಾಯ್ದುಕೊಳ್ಳುವ ವ್ಯಾಯಾಮ ಮಾಡಿಸಿದರು. ಒಂದು ವರ್ಷದ ನಂತರ ನೋಡಿದರೆ ಎರಡೂ ಕಡೆ ನಡಿಗೆ ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿತ್ತು. ಒಟ್ಟು 52 ಶೇಕಡಾ ಜನ ಮೊದಲಿಗಿಂತ ಮೇಲಿನ ಹಂತಕ್ಕೆ ಬಂದಿದ್ದರು. ದೊಡ್ಡ ಯಂತ್ರ ಇಲ್ಲ ಅಂತ ಕೊರಗುವ ಅಗತ್ಯ ಇಲ್ಲ ಅಂತ ನಾನು ಹೇಳುವುದು ಇದಕ್ಕೇ.

ಜಮಖಂಡಿ ಅಣ್ಣಾ, ಬೇಜಾರು ಯಾಕೆ? ನೀವು ಹೇಳಿದ್ದು ಸರಿ, ಆವರ್ತನೆ ಬೇಕೇ ಬೇಕು. ಆದರೆ ನಿಮಗೂ ಅವರ ಅಪ್ಪಾಜಿಗೂ ವ್ಯತ್ಯಾಸ ಇದೆ. ನಿಮಗೆ ಎರಡೂ ಕೈ ಗಟ್ಟಿ, ಮಿದುಳು ಮೊದಲಿನ ಹಾಗೇ ಕೆಲಸ ಮಾಡುತ್ತಿದೆ. ಮೊಣಕಾಲು ನಿಮ್ಮದೇ. ಕಾಲು ಜಾರಿದರೆ ತಕ್ಷಣ ಹಿಡಿದುಕೊಳ್ಳುತ್ತೀರಿ. ಲಕ್ವಾ ಆದವರಿಗೆ ಮೊಣಕಾಲು ಹೇಳದೆ ಕೇಳದೆ ಕುಸಿಯುತ್ತದೆ. ಕೆಲವರಿಗೆ ಸೋತ ಕಡೆಯ ನೆನಪೇ ಇರುವುದಿಲ್ಲ, ಕಾಲು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಪಕ್ಕದಲ್ಲಿ ಕಲಿತವರು ಇಲ್ಲದಿದ್ದರೆ ಅಪಾಯ.

ನಮ್ಮ ದೇಶದಲ್ಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಅಟೆಂಡ್ ಅನ್ನುವ ಅಧ್ಯಯನ, 2017ರಲ್ಲಿ ಬಂತು. 14 ಆಸ್ಪತ್ರೆಗಳ 1,250 ರೋಗಿಗಳು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರು. ಆರು ತಿಂಗಳಿಗೆ ನೋಡಿದಾಗ, ಎಂದಿನ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಲಾಭ ಕಾಣಲಿಲ್ಲ. ಮನೆಯವರ ಶ್ರಮ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಅದು ಫಿಜಿಯೋ ಜೊತೆಗೆ ನಡೆಯಬೇಕು, ಫಿಜಿಯೋ ಬಿಟ್ಟು ಅಲ್ಲ.

ಇಳಕಲ್ ಸೊಸೆ

ಪಕ್ಕದಲ್ಲಿ ಕಲಿತವರು ಇಲ್ಲದಿದ್ದರೆ ಅಪಾಯ ಅನ್ನುವ ಮಾತು ನೂರಕ್ಕೆ ನೂರು ಸರಿ. ನಮ್ಮ ಅತ್ತೆಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆಮೇಲೆ ಒಂದು ಕಡೆ ಬಾರ್ ಒಳಗೆ ನಡೆಸಲು ಕರೆದುಕೊಂಡು ಹೋಗುತ್ತಿದ್ದೆವು. ಅತ್ತೆಯನ್ನು ಬಾರ್ ನಡುವೆ ನಿಲ್ಲಿಸಿ "ನಡೀರಿ ಅಜ್ಜಿ" ಅಂತ ಹೇಳಿ ಆ ಹುಡುಗ ಇನ್ನೊಬ್ಬರ ಕಡೆ ಹೋಗಿಬಿಡುತ್ತಿದ್ದ. ಒಂದು ದಿನ ಅತ್ತೆಗೆ ಕಣ್ಣು ಕತ್ತಲೆ ಬಂದು ಹಾಗೇ ಕೆಳಗೆ ಕುಸಿದರು. ನಾನು ಬಾರ್ ಕೆಳಗಿನಿಂದ ನುಗ್ಗಿ ಹಿಡಿದುಕೊಂಡೆ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಕೇಳಿದರೆ "ಬಾರ್ ಇದೆಯಲ್ಲ ಮೇಡಂ, ಏನಾಗುತ್ತದೆ" ಅಂದರು. ನನಗೆ ಆ ಸಿಟ್ಟು ಈಗಲೂ ಇಳಿದಿಲ್ಲ. ಬಾರ್ ಕೈಗೆ ಆಸರೆ ಕೊಡುತ್ತದೆ, ಕುಸಿಯುವವರನ್ನು ಹಿಡಿಯುವುದಿಲ್ಲ.

ವಿಜಯಪುರ ಫಿಜಿಯೋ

ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲ ಹಂತದಲ್ಲಿ ಬಾರ್ ಒಳಗಿನವರನ್ನು ಒಂಟಿ ಬಿಡಬಾರದು. ಬಹಳ ದಿನ ಮಲಗಿದವರು ಎದ್ದು ನಿಂತಾಗ ಬಿಪಿ ಇಳಿಯುತ್ತದೆ. ನಿಂತ ಮೂರು ನಿಮಿಷದ ಒಳಗೆ ಮೇಲಿನ ಬಿಪಿ 20ರಷ್ಟು ಇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹಾಗಾಗಿ ಮಲಗಿದಾಗ ಒಂದು ಸಲ, ನಿಂತ ಮೇಲೆ ಒಂದು ಸಲ ನೋಡುತ್ತೇವೆ. ತಲೆ ಸುತ್ತುತ್ತದೆ, ಬೆವರು ಬರುತ್ತಿದೆ ಅಂದ ತಕ್ಷಣ ಕೂರಿಸಬೇಕು. ಇದಕ್ಕೇ ಕುರ್ಚಿ ಹಿಂದೆಯೇ ಇರಬೇಕು ಅನ್ನುವುದು. ವೀಲ್‌ಚೇರ್ ಆದರೆ ಬ್ರೇಕ್ ಹಾಕಿದ್ದೀರಾ ಅಂತ ಎರಡು ಸಲ ನೋಡಿ.

ಮೂಳೆ ಮುರಿದವರ ವಿಷಯದಲ್ಲಿ ಇನ್ನೊಂದು. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವುದನ್ನು ಆಪರೇಷನ್ ಮಾಡಿದ ಡಾಕ್ಟರ್ ಹೇಳಬೇಕು. ಅದನ್ನು ಬರೆಸಿಕೊಳ್ಳಿ.

ಮುದ್ದೇಬಿಹಾಳ ಮೇಷ್ಟ್ರು, ನಿವೃತ್ತ

ನಾನು ಪೋಲಿಯೋ ಆದವನು. ಹುಡುಗನಿದ್ದಾಗಲೇ ಎರಡೂ ಕಾಲಿಗೆ ಉದ್ದನೆಯ ಕ್ಯಾಲಿಪರ್ (ಕಾಲನ್ನು ನೇರ ಹಿಡಿಯುವ ಆಸರೆಪಟ್ಟಿ) ಹಾಕಿದರು. ನಡೆಯಲು ಕಲಿತದ್ದು ಬಾರ್ ಒಳಗೆ. ಮೊಣಕಾಲು ಲಾಕ್ ಆದ ಕಾಲುಗಳು ಕಂಬದ ಹಾಗೆ. ಎರಡೂ ಕೈಯಿಂದ ಬಾರ್ ಒತ್ತಿ ದೇಹ ಎತ್ತಬೇಕು, ಎರಡೂ ಕಾಲನ್ನು ಒಟ್ಟಿಗೆ ಮುಂದೆ ತೂಗಿ ಇಡಬೇಕು. ಮೊದಲು ಕೈ ಇದ್ದ ಜಾಗದವರೆಗೆ ಮಾತ್ರ. ತೋಳಿಗೆ ಬಲ ಬಂದ ಮೇಲೆ ಕೈ ದಾಟಿ ಮುಂದಕ್ಕೆ.

ಬಾರ್‌ನಿಂದ ಕುಬಡಿಗೆ (ಕಂಕುಳಿಗೆ ಕೊಡುವ ಊರುಗೋಲಿಗೆ) ಬಂದದ್ದು ಹೀಗೆ: ಒಂದು ಕೈಯಲ್ಲಿ ಬಾರ್, ಇನ್ನೊಂದು ಕಂಕುಳಲ್ಲಿ ಕುಬಡಿ. ಅದು ರೂಢಿ ಆದ ಮೇಲೆ ಬಾರ್ ಒಳಗೇ ಎರಡೂ ಕುಬಡಿ. ಆಮೇಲೆ ಹೊರಗೆ. ಈ ನಡುವಿನ ಮೆಟ್ಟಿಲನ್ನು ಈಗ ಬಹಳ ಕಡೆ ಬಿಟ್ಟುಬಿಡುತ್ತಾರೆ. ಬಾರ್‌ನಿಂದ ತೆಗೆದು ನೇರ ವಾಕರ್ ಕೈಗೆ ಕೊಟ್ಟು ಕಳಿಸುತ್ತಾರೆ. ಕುಬಡಿ ಬಳಸುವವರು ಕಂಕುಳ ಮತ್ತು ಮೇಲಿನ ಪಟ್ಟಿಯ ನಡುವೆ ಎರಡು ಮೂರು ಬೆರಳು ಜಾಗ ಬಿಡಿ. ಭಾರ ಅಂಗೈ ಮೇಲೆ ಇರಲಿ. ಕಂಕುಳ ಮೇಲೆ ಜೋತರೆ ನರ ಒತ್ತಿ ಕೈಯೇ ಜೋಮು ಹಿಡಿಯುತ್ತದೆ.

ತಾಯಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಡಾಕ್ಟರ್ ಮೇಡಂ ಗೋಡೆಗೆ ಒಂದು ರೇಲಿಂಗ್ ಸಾಕು ಅಂದರು. ನನಗೆ ಒಂದು ಸಂಶಯ. ಅಪ್ಪಾಜಿಗೆ ಗಟ್ಟಿ ಇರುವುದು ಎಡಗೈ. ಹೋಗುವಾಗ ರೇಲಿಂಗ್ ಎಡಕ್ಕೆ ಇದ್ದರೆ, ವಾಪಸ್ ಬರುವಾಗ ಅದೇ ರೇಲಿಂಗ್ ಬಲಕ್ಕೆ ಬರುತ್ತದಲ್ಲ? ಆಗ ಏನು ಹಿಡಿಯುತ್ತಾರೆ? ಬಾರ್‌ನಲ್ಲಿ ಆ ತೊಂದರೆ ಇಲ್ಲ. ತಿರುಗಿ ನಿಂತರೆ ಇನ್ನೊಂದು ಬಾರ್ ಎಡಗೈಗೆ ಸಿಗುತ್ತದೆ.

ನವನಗರದ ಮಗಳು, ಬಾಗಲಕೋಟೆ

ಮೇಷ್ಟ್ರೇ, ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ! ಅಣ್ಣ ಈಗಲೇ ಎದ್ದು ಹೋಗಿ ಅಳೆದು ಬಂದ. ಮಂಚದಿಂದ ಪಾಯಖಾನೆಗೆ ಹೋಗುವ ದಾರಿ ಮೂರೂವರೆ ಅಡಿ ಅಗಲ. ಎರಡೂ ಕಡೆ ಗೋಡೆ ಇದೆ.

ವಿಜಯಪುರ ಫಿಜಿಯೋ

ಮೇಷ್ಟ್ರು ಹೇಳಿದ್ದು ಬಹಳ ಸರಿಯಾದ ಮಾತು. ಹಾಗಾದರೆ ಆ ದಾರಿಯ ಎರಡೂ ಗೋಡೆಗೆ ರೇಲಿಂಗ್ ಹಾಕಿಸಿ. ಅಭ್ಯಾಸವೂ ಅಲ್ಲೇ ಆಗುತ್ತದೆ, ಪಾಯಖಾನೆಗೆ ಹೋಗುವುದೂ ಅದೇ ಆಗುತ್ತದೆ. ಪಡಸಾಲೆಯಲ್ಲಿ ಬಾರ್ ಹಾಕಿಸಿದರೆ ಅಪ್ಪಾಜಿ ವ್ಯಾಯಾಮ ಅಂತ ನಡೆಯುತ್ತಾರೆ. ಈ ದಾರಿಯಲ್ಲಾದರೆ ತಮ್ಮ ಕೆಲಸಕ್ಕೆ ನಡೆಯುತ್ತಾರೆ. ಅದರಲ್ಲಿ ಬರುವ ಹುರುಪೇ ಬೇರೆ. ದಾರಿ ಅಗಲ ಇರುವುದರಿಂದ ಎರಡೂ ಕೈಗೆ ಒಟ್ಟಿಗೆ ಸಿಗುವುದಿಲ್ಲ, ಆದರೆ ಅವರಿಗೆ ಬೇಕಾಗಿರುವುದು ಒಂದೇ ಕೈಗೆ.

ತಿರುಗುವಾಗ ಬಹಳ ಜನ ಬೀಳುತ್ತಾರೆ. ಸೋತ ಕಾಲನ್ನು ನೆಲಕ್ಕೆ ಊರಿ ಅದರ ಮೇಲೆ ಗರಕ್ಕನೆ ತಿರುಗಬಾರದು. ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ತಿರುಗಬೇಕು. ಒಂದು ರೇಲಿಂಗ್ ಬಿಟ್ಟು ಇನ್ನೊಂದು ಹಿಡಿಯುವ ಆ ಕ್ಷಣದಲ್ಲಿ ಕೈ ಖಾಲಿ ಇರುತ್ತದೆ. ಅಲ್ಲಿ ನೀವು ಹಿಡಿದಿರಲೇಬೇಕು. ಮೊದಲ ಕೆಲವು ವಾರ ಪಾಯಖಾನೆ ಬಾಗಿಲ ಹತ್ತಿರ ಒಂದು ಕುರ್ಚಿ ಇಟ್ಟುಬಿಡಿ, ಕೂತು ಸುಧಾರಿಸಿಕೊಂಡು ವಾಪಸ್ ಬರಲಿ.

ಹಿಡಿಯುವವರು ನಿಲ್ಲಬೇಕಾದದ್ದು ಸೋತ ಕಡೆ, ಸ್ವಲ್ಪ ಹಿಂದೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಂದಿನಿಂದ ಹಿಡಿಯಿರಿ. ಸೋತ ಕೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಭುಜದ ಸುತ್ತಲಿನ ಸ್ನಾಯು ಸೋತಿರುವುದರಿಂದ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಧೋತರ ಉಡುತ್ತಾರೆ ಅಂದರೆ ನಡೆಯುವಾಗ ಪೈಜಾಮ ಹಾಕಿ. ಧೋತರದ ಅಂಚು ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಅದೂ ಅಲ್ಲದೆ ಮೊಣಕಾಲು ಏನು ಮಾಡುತ್ತಿದೆ ಅಂತ ನಿಮಗೆ ಕಾಣುವುದಿಲ್ಲ. ಮೊಣಕಾಲು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿದ್ದರೆ ಅಥವಾ ಪಾದದ ಮುಂಭಾಗ ನೆಲಕ್ಕೆ ಉಜ್ಜುತ್ತಿದ್ದರೆ ನಿಮ್ಮ ಫಿಜಿಯೋಗೆ ಹೇಳಿ. ಪಾದಕ್ಕೆ ಹಾಕುವ ಪ್ಲಾಸ್ಟಿಕ್ ಸ್ಪ್ಲಿಂಟ್ ಬೇಕಾಗಬಹುದು.

ಏಳುವುದನ್ನು ಮೊದಲು ಕಲಿಸಿ, ನಡೆಯುವುದು ಆಮೇಲೆ. ಬಾರ್ ಆಗಲಿ ರೇಲಿಂಗ್ ಆಗಲಿ, ಅದನ್ನು ಹಿಡಿದು ಎಳೆದುಕೊಂಡು ಏಳಬಾರದು. ಕುರ್ಚಿಯ ತುದಿಗೆ ಸರಿಯಬೇಕು, ಎರಡೂ ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇರಬೇಕು, ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಬೇಕು. ಆಗ ಕುರ್ಚಿಯ ಕೈ ಒತ್ತಿ ಏಳಬೇಕು. ಬಾರ್ ಹಿಡಿಯುವುದು ನಿಂತ ಮೇಲೆ. ಇದನ್ನು ದಿನಕ್ಕೆ ಹಲವು ಸಲ ಮಾಡಿಸಿ. ಅಡುಗೆ ಕಟ್ಟೆ ಎದುರು ನಿಂತು, ಹಿಂದೆ ಕುರ್ಚಿ ಇಟ್ಟು, ಭಾರವನ್ನು ಎಡದಿಂದ ಬಲಕ್ಕೆ ಬದಲಾಯಿಸುವುದನ್ನೂ ಮಾಡಿಸಬಹುದು. ಇಷ್ಟು ಮನೆಯಲ್ಲಿ ಧೈರ್ಯವಾಗಿ ಮಾಡಿ. ರೇಲಿಂಗ್ ಹಿಡಿದು ನಡೆಸುವುದನ್ನು ಮಾತ್ರ ನಿಮ್ಮ ಫಿಜಿಯೋ ಒಂದು ಸಲ ಮನೆಗೆ ಬಂದು, ನಿಮಗೂ ಅಣ್ಣನಿಗೂ ಹಿಡಿಯುವುದನ್ನು ತೋರಿಸಿದ ಮೇಲೆ ಶುರು ಮಾಡಿ.

ಜಮಖಂಡಿ ರೈತ

ಇದು ನನಗೂ ಒಪ್ಪಿಗೆ ಆಯಿತು. ಕೃತಕ ಕಾಲು ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಬಾರ್‌ನಿಂದ ಹೊರಗೆ ಬಂದ ತಕ್ಷಣ ಕಾಲು ಬಿಚ್ಚಿ ಮೋಟುಗಾಲಿನ ಚರ್ಮ ನೋಡಿ. ಕೆಂಪು ಗುರುತು ಹತ್ತು ನಿಮಿಷದಲ್ಲಿ ಹೋದರೆ ಚಿಂತೆ ಇಲ್ಲ. ಹೋಗದಿದ್ದರೆ ಅಲ್ಲಿ ಒತ್ತುತ್ತಿದೆ ಅಂತ. ಶುಗರ್ ಇದ್ದವರಿಗೆ ನೋವೇ ತಿಳಿಯುವುದಿಲ್ಲ, ಕಣ್ಣಿಂದಲೇ ನೋಡಬೇಕು. ಕೆಳಭಾಗ ಕಾಣದಿದ್ದರೆ ಕೈಗನ್ನಡಿ ಹಿಡಿಯಿರಿ. ಮೋಟುಗಾಲು ದಿನ ಕಳೆದ ಹಾಗೆ ಸಣ್ಣಗಾಗುತ್ತದೆ, ಆಗ ಸಾಕ್ಸ್ ಒಂದು ಪದರ ಹೆಚ್ಚು ಹಾಕಬೇಕು. ಇಲ್ಲಾಂದ್ರೆ ಒಳಗೆ ಸಡಿಲವಾಗಿ ಉಜ್ಜುತ್ತದೆ.

ಇಳಕಲ್ ಸೊಸೆ

ಮೇಡಂ, ಎರಡು ತಿಂಗಳು ಆಗಿಬಿಟ್ಟಿದೆ ಅಂದರು. ತಡ ಆಯಿತಾ? ನಮ್ಮ ಪಕ್ಕದ ಮನೆಯವರಿಗೂ ಲಕ್ವಾ ಆಗಿದೆ, ಅವರು "ಆಸ್ಪತ್ರೆಯಲ್ಲಿ ಮೊದಲ ದಿನವೇ ಎಬ್ಬಿಸಿ ನಡೆಸಬೇಕಿತ್ತು" ಅಂತ ಕೊರಗುತ್ತಿದ್ದಾರೆ.

ವಿಜಯಪುರ ಫಿಜಿಯೋ

ಕೊರಗುವುದು ಬೇಡ ಅಂತ ಹೇಳಿ. ಮೊದಲ 24 ಗಂಟೆಯೊಳಗೇ ಪದೇಪದೇ ಎಬ್ಬಿಸಿ ನಿಲ್ಲಿಸಿದರೆ ಹೇಗೆ ಅಂತ 2,000ಕ್ಕೂ ಹೆಚ್ಚು ರೋಗಿಗಳ ಮೇಲೆ ನೋಡಿದ್ದಾರೆ. ಅವರ್ಟ್ ಅನ್ನುವ ಅಧ್ಯಯನ, 2015ರದು. ಅಷ್ಟು ಅವಸರ ಮಾಡಿದವರಲ್ಲಿ ಫಲ ಕಡಿಮೆಯೇ ಬಂತು. ಯಾವಾಗ ಎಬ್ಬಿಸಬೇಕು ಅನ್ನುವುದು ರೋಗಿಯನ್ನು ನೋಡಿ ನಿರ್ಧರಿಸುವ ವಿಷಯ.

ಎರಡು ತಿಂಗಳು ತಡ ಏನಲ್ಲ. ಮೊದಲ ಮೂರರಿಂದ ಆರು ತಿಂಗಳಲ್ಲಿ ಸುಧಾರಣೆ ಜೋರಾಗಿ ಇರುತ್ತದೆ, ಹಾಗಾಗಿ ಈಗ ಫಿಜಿಯೋಥೆರಪಿ ತಪ್ಪಿಸಬೇಡಿ. ಆರು ತಿಂಗಳು ಕಳೆದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ನಿಧಾನವಾಗಿ ಮುಂದುವರಿಯುತ್ತದೆ.

ಇನ್ನೊಂದು ಎಚ್ಚರಿಕೆ. ಅಭ್ಯಾಸದ ನಡುವೆ ಎದೆ ನೋವು, ಉಸಿರು ಕಟ್ಟುವುದು, ಇದ್ದಕ್ಕಿದ್ದಂತೆ ಹೊಸದಾಗಿ ಕೈಕಾಲು ಸೋಲುವುದು, ಬಾಯಿ ಸೊಟ್ಟ ಆಗುವುದು ಕಂಡರೆ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಆ ಕಾಲನ್ನು ತಿಕ್ಕಬೇಡಿ, ನಡೆಸಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಡಾಕ್ಟರ್‌ಗೆ ತೋರಿಸಿ.

ಮುದ್ದೇಬಿಹಾಳ ಮೇಷ್ಟ್ರು, ನಿವೃತ್ತ

ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಬಗ್ಗೆಯೂ ವಿಚಾರ ಮಾಡಿ ತಾಯಿ. ಈಗಲೇ ಅಲ್ಲ, ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ. ಅಂಗವೈಕಲ್ಯ 40 ಶೇಕಡಾ ಅಥವಾ ಹೆಚ್ಚು ಅಂತ ಸರ್ಟಿಫಿಕೇಟ್ ಆದರೆ ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ವಾಕರ್, ವೀಲ್‌ಚೇರ್ ಥರದ ಸಾಧನಗಳಿಗೆ ಕೇಂದ್ರದ ಎಡಿಪ್ ಯೋಜನೆ ಇದೆ. ನಮ್ಮ ಹಳ್ಳಿಗಳಲ್ಲಿ ಇದು ಗೊತ್ತಿಲ್ಲದೆ ಸಾಲ ಮಾಡಿ ಕೊಳ್ಳುವವರು ಬಹಳ ಜನ ಇದ್ದಾರೆ.

ನವನಗರದ ಮಗಳು, ಬಾಗಲಕೋಟೆ

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡೂ ಗೋಡೆಗೆ ರೇಲಿಂಗ್ ಅಂತ ತೀರ್ಮಾನ ಆಯಿತು. ಅಪ್ಪಾಜಿಗೆ ಹೇಳಿದಾಗ ಎಡಗೈಯಿಂದ ಗೋಡೆ ತೋರಿಸಿ "ಮಾಡ್ಸು" ಅಂದರು. ನಮ್ಮ ಫಿಜಿಯೋ ಸರ್ ಕೂಡ ಮನೆಗೆ ಬಂದು ನೋಡಲು ಒಪ್ಪಿದ್ದಾರೆ.

ವೆಲ್ಡರ್ ಅಣ್ಣಾ, ಗೋಡೆಗೆ ಹಾಕುವಾಗ ಏನು ನೋಡಬೇಕು? ಮೇಡಂ, ಪಾಯಖಾನೆ ಬಾಗಿಲಿಗೆ ಎತ್ತರದ ಹೊಸ್ತಿಲು ಇದೆ. ಅದನ್ನು ದಾಟಿಸುವುದು ಹೇಗೆ?

ಉದ್ಯಮಬಾಗ ವೆಲ್ಡರ್, ಬೆಳಗಾವಿ

ಪೈಪು ಮತ್ತು ಗೋಡೆ ನಡುವೆ ಎರಡು ಇಂಚಿನಷ್ಟು ಸಂದು ಇರಲಿ, ಬೆರಳು ಸಲೀಸಾಗಿ ಹೋಗಬೇಕು. ತೀರಾ ಜಾಸ್ತಿ ಬಿಟ್ಟರೆ ಮೊಣಕೈ ಒಳಗೆ ಸಿಕ್ಕಿಕೊಳ್ಳುತ್ತದೆ. ಮೂರು ಅಡಿಗೊಂದು ಬ್ರಾಕೆಟ್ ಹಾಕಿಸಿ. ಬ್ರಾಕೆಟ್ ಪೈಪಿನ ಕೆಳಗಿನಿಂದ ಬರಬೇಕು, ಆಗ ಕೈ ತಡೆ ಇಲ್ಲದೆ ಜಾರುತ್ತಾ ಹೋಗುತ್ತದೆ. ಬೋಲ್ಟ್ ಬರೀ ಗಿಲಾಯಿಯಲ್ಲಿ ನಿಲ್ಲಬಾರದು, ಇಟ್ಟಿಗೆ ಅಥವಾ ಕಲ್ಲಿನ ಒಳಗೆ ಹೋಗಬೇಕು. ಹಾಕಿದ ಮೇಲೆ ಅಣ್ಣನಿಗೆ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಲು ಹೇಳಿ. ಒಂದು ಕೂದಲೆಳೆ ಅಲುಗಿದರೂ ಬಿಚ್ಚಿಸಿ ಮತ್ತೆ ಹಾಕಿಸಿ. ಎತ್ತರ ಅಳೆಯುವಾಗ ಅಪ್ಪಾಜಿ ಬರಿಗಾಲಲ್ಲಿ ಇರಬೇಕಾ, ಚಪ್ಪಲಿ ಹಾಕಿರಬೇಕಾ? ಅದು ನನಗೂ ಬೇಕು ಮೇಡಂ.

ವಿಜಯಪುರ ಫಿಜಿಯೋ

ಯಾವುದನ್ನು ಹಾಕಿಕೊಂಡು ನಡೆಯುತ್ತಾರೋ ಅದನ್ನೇ ಹಾಕಿ ಅಳೆಯಿರಿ. ಹವಾಯಿ ಚಪ್ಪಲಿ ಬೇಡ, ಸೋತ ಪಾದದಲ್ಲಿ ಅದು ನಿಲ್ಲುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಕ್ಯಾನ್ವಾಸ್ ಶೂ ತನ್ನಿ. ಪಾದಕ್ಕೆ ಸ್ಪ್ಲಿಂಟ್ ಬರುವ ಸಾಧ್ಯತೆ ಇರುವುದರಿಂದ ಒಂದು ನಂಬರ್ ದೊಡ್ಡದು ತರಬೇಕಾಗಬಹುದು. ಅದನ್ನು ಫಿಜಿಯೋ ಸರ್ ಬಂದಾಗ ಕೇಳಿ, ಆಮೇಲೆ ಕೊಳ್ಳಿ.

ಹೊಸ್ತಿಲು ಒಡೆಸಲು ಆದರೆ ಒಡೆಸಿಬಿಡಿ. ನೀರು ಹೊರಗೆ ಬರುತ್ತದೆ ಅಂತ ಉಳಿಸಿಕೊಳ್ಳಬೇಕಾದರೆ ಎರಡೂ ಕಡೆ ಬಾಗಿಲ ಚೌಕಟ್ಟಿನ ಪಕ್ಕ ಒಂದೊಂದು ನೇರ ಹಿಡಿಕೆ ಹಾಕಿಸಿ, ಹೋಗುವಾಗ ಒಂದು, ಬರುವಾಗ ಒಂದು ಎಡಗೈಗೆ ಸಿಗುವ ಹಾಗೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಹೊಸ್ತಿಲಿನ ಅಂಚಿಗೆ ಹಳದಿ ಬಣ್ಣ ಬಳಿಸಿ, ಬಲಗಡೆ ದೃಷ್ಟಿ ಕಡಿಮೆ ಆಗಿದ್ದರೂ ಕಾಣುತ್ತದೆ. ಒಳಗೆ ಕೂರುವ ಕಮೋಡ್ ಇದೆಯಾ, ಭಾರತೀಯ ಪದ್ಧತಿಯದಾ? ಅದನ್ನು ಬರೆಯಿರಿ, ಹಿಡಿಕೆ ಎಲ್ಲಿ ಬರಬೇಕು ಅಂತ ನೋಡಿ ಹೇಳುತ್ತೇನೆ.